ನರವೈವಿಧ್ಯದ ಕಲಿಕಾರ್ಥಿಗಳ ತಂತ್ರಜ್ಞಾನ ಶಿಕ್ಷಣದಲ್ಲಿ ವರ್ಚುವಲ್ ರಿಯಾಲಿಟಿ

ನರವೈವಿಧ್ಯದ ಕಲಿಕಾರ್ಥಿಗಳ ತಂತ್ರಜ್ಞಾನ ಶಿಕ್ಷಣದಲ್ಲಿ ವರ್ಚುವಲ್ ರಿಯಾಲಿಟಿ ಎಂಬುದು ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಡಿಸ್‌ಪ್ರ್ಯಾಕ್ಸಿಯಾ ಮೊದಲಾದ ಸ್ಥಿತಿಗಳುಳ್ಳವರಿಗೆ ಕಂಪ್ಯೂಟರ್ ಬಳಕೆ, ಯಂತ್ರೋಪಕರಣಗಳ ನಿರ್ವಹಣೆ, ಪ್ರೋಗ್ರಾಮಿಂಗ್ ಹಾಗೂ ಇಂತಹ ಉದ್ಯೋಗಗಳಿಗೆ ಬೇಕಾದ ಕೌಶಲಗಳನ್ನು ಕಂಪ್ಯೂಟರ್ ಸೃಷ್ಟಿಸಿದ ಮೂರು ಆಯಾಮದ ಪರಿಸರದಲ್ಲಿ ಅಭ್ಯಾಸ ಮಾಡಿಸುವ ಬೋಧನಾ ವಿಧಾನವಾಗಿದೆ. ಈ ಬಗೆಯ ಪ್ರಯೋಗಗಳು 1990ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಆರಂಭವಾದವು. ಕಡಿಮೆ ತೂಕದ, ಕೈಗೆಟಕುವ ಬೆಲೆಯ ಹೆಡ್‌ಸೆಟ್‌ಗಳು 2016ರ ನಂತರ ಮಾರುಕಟ್ಟೆಗೆ ಬಂದ ಮೇಲೆ ಶಾಲೆಗಳಲ್ಲಿಯೂ ತರಬೇತಿ ಕೇಂದ್ರಗಳಲ್ಲಿಯೂ ಇವುಗಳ ಬಳಕೆ ಹೆಚ್ಚಿತು.

ತಪ್ಪು ಮಾಡಿದರೆ ಯಂತ್ರ ಕೆಡದ, ನೋಡಿ ನಗುವವರಿಲ್ಲದ, ಎಷ್ಟು ಸಲ ಬೇಕಾದರೂ ಮೊದಲಿನಿಂದ ಆರಂಭಿಸಬಹುದಾದ ಜಾಗವೊಂದನ್ನು ಒದಗಿಸುವುದು ಈ ವಿಧಾನದ ಮುಖ್ಯ ಆಕರ್ಷಣೆ. ಹೆಡ್‌ಸೆಟ್‌ನೊಳಗೆ ಕಲಿತದ್ದು ನಿಜವಾದ ಪ್ರಯೋಗಾಲಯದಲ್ಲಿ, ನಿಜವಾದ ಮೇಜಿನ ಮುಂದೆ ಕೈಗೆ ಬರುತ್ತದೆಯೇ ಎಂಬುದು ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ. ಮೂರು ದಶಕಗಳ ಸಂಶೋಧನೆಯ ನಂತರವೂ ಇದಕ್ಕೆ ದೊರೆತಿರುವ ಉತ್ತರ ಅಪೂರ್ಣವಾಗಿದೆ.

ಪರಿಭಾಷೆ

ಮನುಷ್ಯರ ಮಿದುಳುಗಳು ಗ್ರಹಿಸುವ, ಗಮನ ಕೊಡುವ, ಕಲಿಯುವ ರೀತಿಗಳಲ್ಲಿ ಸಹಜವಾಗಿಯೇ ಇರುವ ಭಿನ್ನತೆಯನ್ನು ನರವೈವಿಧ್ಯ ಎಂದು ಕರೆಯಲಾಗುತ್ತದೆ. ಈ ಪರಿಕಲ್ಪನೆ 1990ರ ದಶಕದಲ್ಲಿ ಆಟಿಸಂ ಉಳ್ಳವರ ಅಂತರಜಾಲ ಗುಂಪುಗಳ ಚರ್ಚೆಗಳಲ್ಲಿ ರೂಪುಗೊಂಡಿತು. ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ, ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಅದೇ ವರ್ಷ 'ದಿ ಅಟ್ಲಾಂಟಿಕ್' ಪತ್ರಿಕೆಯ ಲೇಖನವೊಂದರಲ್ಲಿ ಈ ಪದವನ್ನು ಬಳಸಿದರು. ಪದದ ಹಿಂದೆ ಒಂದು ನಿಲುವೂ ಇದೆ. ಈ ಭಿನ್ನತೆಯನ್ನು ವಾಸಿ ಮಾಡಬೇಕಾದ ಕಾಯಿಲೆಯೆಂದು ನೋಡದೆ, ಕಲಿಸುವ ಕ್ರಮವನ್ನೂ ಕಲಿಯುವ ಜಾಗವನ್ನೂ ಅದಕ್ಕೆ ಹೊಂದುವಂತೆ ಬದಲಿಸಬೇಕು ಎಂಬುದೇ ಆ ನಿಲುವು.

ವರ್ಚುವಲ್ ರಿಯಾಲಿಟಿಗೆ ಕನ್ನಡದಲ್ಲಿ ಮಿಥ್ಯಾವಾಸ್ತವ ಎಂಬ ಪದವೂ ಬಳಕೆಯಲ್ಲಿದೆ. ಸಂಶೋಧನಾ ಸಾಹಿತ್ಯದಲ್ಲಿ ಇದೊಂದೇ ಹೆಸರಿನಡಿ ಮೂರು ಬೇರೆ ಬೇರೆ ಏರ್ಪಾಡುಗಳು ಸೇರಿಕೊಂಡಿವೆ. ಮೊದಲನೆಯದು ಸಾಮಾನ್ಯ ಕಂಪ್ಯೂಟರ್ ಪರದೆಯ ಮೇಲೆ ಮೌಸ್ ಅಥವಾ ಜಾಯ್‌ಸ್ಟಿಕ್‌ನಿಂದ ಓಡಾಡಬಹುದಾದ ಮೂರು ಆಯಾಮದ ದೃಶ್ಯ. ಎರಡನೆಯದರಲ್ಲಿ ಕೋಣೆಯ ಗೋಡೆಗಳ ಮೇಲೆಯೇ ದೃಶ್ಯವನ್ನು ಪ್ರಕ್ಷೇಪಿಸಲಾಗುತ್ತದೆ. ಮೂರನೆಯದು ಕಣ್ಣುಗಳನ್ನು ಪೂರ್ತಿಯಾಗಿ ಆವರಿಸುವ ಹೆಡ್‌ಸೆಟ್. ಒಂದರಲ್ಲಿ ದೊರೆತ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು. ಹೆಡ್‌ಸೆಟ್ ಪರವಾಗಿ ಇಂದು ಉಲ್ಲೇಖಿಸಲಾಗುವ ಹಲವು ಹಳೆಯ ಅಧ್ಯಯನಗಳು ವಾಸ್ತವವಾಗಿ ಮೇಜಿನ ಮೇಲಿನ ಪರದೆಯನ್ನು ಬಳಸಿದವು ಎಂಬುದನ್ನು ಈ ವಿಷಯದ ಓದುಗರು ಗಮನದಲ್ಲಿಡಬೇಕಾಗುತ್ತದೆ.

ಇತಿಹಾಸ

ತಲೆಗೆ ತೊಡುವ ಪ್ರದರ್ಶಕದ ಮೊದಲ ಮಾದರಿಗಳಲ್ಲೊಂದನ್ನು ಅಮೆರಿಕದ ಐವನ್ ಸದರ್‌ಲ್ಯಾಂಡ್ 1968ರಲ್ಲಿ ನಿರ್ಮಿಸಿದರು. 1980ರ ದಶಕದ ಕೊನೆಯಲ್ಲಿ ಜರಾನ್ ಲನಿಯರ್ ವರ್ಚುವಲ್ ರಿಯಾಲಿಟಿ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು. ವಿಶೇಷ ಶಿಕ್ಷಣದ ಕ್ಷೇತ್ರಕ್ಕೆ ಅದು ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪೆನ್ನಿ ಸ್ಟ್ಯಾಂಡನ್, ಜಾನ್ ಕ್ರಾಂಬಿ, ಡೇವಿಡ್ ಬ್ರೌನ್ ಮೊದಲಾದವರು 1990ರ ದಶಕದಲ್ಲಿಯೇ ತೀವ್ರ ಕಲಿಕಾ ತೊಂದರೆಯುಳ್ಳ ವಿದ್ಯಾರ್ಥಿಗಳಿಗಾಗಿ ಕಂಪ್ಯೂಟರ್ ಪರದೆಯ ಮೇಲೆ ಕಾಲ್ಪನಿಕ ಸೂಪರ್‌ಮಾರ್ಕೆಟ್ ಒಂದನ್ನು ರೂಪಿಸಿದರು. ಅದರಲ್ಲಿ ಅಭ್ಯಾಸ ಮಾಡಿದ ವಿದ್ಯಾರ್ಥಿಗಳು ಆಮೇಲೆ ನಿಜವಾದ ಅಂಗಡಿಯಲ್ಲಿ, ಅಭ್ಯಾಸವಿಲ್ಲದವರಿಗಿಂತ ಬೇಗನೆ ಮತ್ತು ಹೆಚ್ಚು ಸರಿಯಾಗಿ ಸಾಮಾನುಗಳನ್ನು ಆರಿಸಿದರು ಎಂದು 1996ರಲ್ಲಿ ವರದಿಯಾಯಿತು.

ಅದೇ ವರ್ಷ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಡೊರೊಥಿ ಸ್ಟ್ರಿಕ್‌ಲ್ಯಾಂಡ್ ಮತ್ತು ಸಹೋದ್ಯೋಗಿಗಳು ಆಟಿಸಂ ಉಳ್ಳ ಇಬ್ಬರು ಮಕ್ಕಳ ಕುರಿತ ಚಿಕ್ಕ ವರದಿಯೊಂದನ್ನು ಪ್ರಕಟಿಸಿದರು. ಮಕ್ಕಳಲ್ಲಿ ಒಬ್ಬಳು ಏಳೂವರೆ ವರ್ಷದ ಹುಡುಗಿ, ಇನ್ನೊಬ್ಬ ಒಂಬತ್ತು ವರ್ಷದ ಹುಡುಗ. ಅಂದಿನ ಹೆಡ್‌ಸೆಟ್ ಭಾರವಾದ ಶಿರಸ್ತ್ರಾಣದಂತಿತ್ತು. ಮಕ್ಕಳು ಅದನ್ನು ತೊಡಲು ಒಪ್ಪುವರೇ ಎಂಬ ಅನುಮಾನವಿದ್ದರೂ ಇಬ್ಬರೂ ಒಪ್ಪಿದರು. ಸರಳಗೊಳಿಸಿದ ಬೀದಿಯ ದೃಶ್ಯದಲ್ಲಿ ಚಲಿಸುವ ಕಾರುಗಳನ್ನು ಗುರುತಿಸಿದರು, ನಿಲುಗಡೆ ಫಲಕದತ್ತ ನಡೆಯಲು ಕಲಿತರು. ಇಬ್ಬರ ಮೇಲಿನ ಪ್ರಯೋಗದಿಂದ ಸಾಮಾನ್ಯ ತೀರ್ಮಾನಗಳನ್ನು ತೆಗೆಯಲಾಗದು. ಆದರೂ ಇದು ಸಾಧ್ಯವಿದೆ ಎಂದು ತೋರಿಸಿಕೊಟ್ಟ ಕಾರಣಕ್ಕೆ ಆ ವರದಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

2000ದಿಂದ 2003ರವರೆಗೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ನಡೆದ 'ಎಎಸ್ ಇಂಟರ‍್ಯಾಕ್ಟಿವ್' ಯೋಜನೆಯಲ್ಲಿ ಸಾರಾ ಪಾರ್ಸನ್ಸ್, ಪೀಟರ್ ಮಿಚೆಲ್, ಸ್ಯೂ ಕಾಬ್ ಮೊದಲಾದವರು ಕಾಲ್ಪನಿಕ ಕೆಫೆ ಮತ್ತು ಬಸ್ಸುಗಳಲ್ಲಿ ಆಸನ ಹುಡುಕುವುದು, ಮಾತನಾಡಿಸುವುದು ಮುಂತಾದವನ್ನು ಕಲಿಸಿದರು. ಇದಕ್ಕೆ ಧನಸಹಾಯ ನೀಡಿದ್ದು ಶರ್ಲಿ ಫೌಂಡೇಶನ್. ಅದರ ಸ್ಥಾಪಕಿ ಸ್ಟೆಫನಿ ಶರ್ಲಿ 1962ರಲ್ಲಿ ಮನೆಯಿಂದಲೇ ಕೆಲಸ ಮಾಡುವ ಮಹಿಳಾ ಪ್ರೋಗ್ರಾಮರ್‌ಗಳ ಸಂಸ್ಥೆಯೊಂದನ್ನು ಕಟ್ಟಿದವರು. ಅವರ ಮಗನಿಗೆ ಆಟಿಸಂ ಇತ್ತು. ಸಾಫ್ಟ್‌ವೇರ್ ಉದ್ಯಮದಿಂದ ಗಳಿಸಿದ ಹಣವು ಆಟಿಸಂ ಸಂಶೋಧನೆಗೆ ಹರಿದ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು.

ಮುಂದಿನ ಒಂದು ದಶಕದಲ್ಲಿ ಕೆಲಸ ನಿಧಾನವಾಗಿ ಸಾಗಿತು. ಆಕ್ಯುಲಸ್ ರಿಫ್ಟ್ 2012ರಲ್ಲಿ ಸಾರ್ವಜನಿಕ ದೇಣಿಗೆಯಿಂದ ಆರಂಭವಾಗಿ 2016ರಲ್ಲಿ ಮಾರುಕಟ್ಟೆಗೆ ಬಂದಿತು. ಎಚ್‌ಟಿಸಿ ವೈವ್ ಬಂದದ್ದೂ ಅದೇ ವರ್ಷ. 2019ರ ಆಕ್ಯುಲಸ್ ಕ್ವೆಸ್ಟ್‌ಗೆ ಕಂಪ್ಯೂಟರಿನ ನಂಟಾಗಲಿ ತಂತಿಯಾಗಲಿ ಬೇಕಿರಲಿಲ್ಲ. ಕಾಲಿಗೆ ತೊಡರುವ ತಂತಿ ಹೋದದ್ದು ತರಗತಿಯ ಮಟ್ಟಿಗೆ ಚಿತ್ರದ ಗುಣಮಟ್ಟಕ್ಕಿಂತಲೂ ದೊಡ್ಡ ಬದಲಾವಣೆಯಾಗಿತ್ತು.

ಕಲಿಕೆಗೆ ಅನುಕೂಲವಾಗುವ ಬಗೆ

ಈ ವಿಧಾನದ ಅನುಕೂಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಾಲೆಯ ಪ್ರಯೋಗಾಲಯದಲ್ಲಿ 3ಡಿ ಪ್ರಿಂಟರ್ ಬಳಸುವುದನ್ನು ಕಲಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅದರ ಮೂತಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಮೋಟಾರುಗಳು ಕೀರಲು ದನಿಯಲ್ಲಿ ಸದ್ದು ಮಾಡುತ್ತವೆ, ಫ್ಯಾನ್ ಗುಂಯ್‌ಗುಡುತ್ತದೆ, ಕರಗಿದ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಸುತ್ತ ಇಪ್ಪತ್ತು ಸಹಪಾಠಿಗಳು ನಿಂತಿರುತ್ತಾರೆ. ಶಬ್ದ ಮತ್ತು ವಾಸನೆಗಳನ್ನು ತೀವ್ರವಾಗಿ ಅನುಭವಿಸುವ ವಿದ್ಯಾರ್ಥಿಗೆ ಇಲ್ಲಿ ಕಲಿಯುವುದಕ್ಕಿಂತ ತಾಳಿಕೊಳ್ಳುವುದೇ ಕೆಲಸವಾಗುತ್ತದೆ. ವರ್ಚುವಲ್ ಪ್ರಯೋಗಾಲಯದಲ್ಲಿ ಮೊದಲ ದಿನ ಪ್ರಿಂಟರ್ ಒಂದನ್ನೇ, ಸದ್ದಿಲ್ಲದೆ, ಖಾಲಿ ಕೋಣೆಯಲ್ಲಿ ಇಡಬಹುದು. ಹಂತಗಳು ಗೊತ್ತಾದ ಮೇಲೆ ಫ್ಯಾನಿನ ಸದ್ದು, ಆಮೇಲೆ ಮೋಟಾರಿನ ಸದ್ದು, ಕೊನೆಗೆ ಜನರ ಓಡಾಟವನ್ನು ಸೇರಿಸಬಹುದು. ಪ್ರತಿಯೊಂದನ್ನೂ ಎಷ್ಟು ಹೆಚ್ಚಿಸಬೇಕು ಎಂಬ ನಿಯಂತ್ರಣ ಕಲಿಯುವವರ ಕೈಯಲ್ಲೇ ಇರಬಹುದು. ನಿಜವಾದ ಕೋಣೆಯಲ್ಲಿ ಇಂತಹ ನಿಯಂತ್ರಣ ಯಾವ ಶಿಕ್ಷಕರಿಗೂ ಸಿಗುವುದಿಲ್ಲ.

ಪಾಠವನ್ನು ರಚಿಸುವವರು ಮೊದಲು ಕೆಲಸವನ್ನು ಸಣ್ಣ ಹಂತಗಳಾಗಿ ಬಿಡಿಸುತ್ತಾರೆ. ವಿಶೇಷ ಶಿಕ್ಷಣದಲ್ಲಿ ಇದು ಹಳೆಯ ಪದ್ಧತಿಯೇ. 'ಕಂಪ್ಯೂಟರಿಗೆ ರ‍್ಯಾಮ್ ಹಾಕು' ಎಂಬ ಒಂದು ಸೂಚನೆಯೊಳಗೆ ವಿದ್ಯುತ್ ಸಂಪರ್ಕ ತೆಗೆಯುವುದು, ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆಯಲು ಲೋಹದ ಭಾಗವನ್ನು ಮುಟ್ಟುವುದು, ಕ್ಯಾಬಿನೆಟ್ಟಿನ ಪಕ್ಕದ ಫಲಕ ಕಳಚುವುದು, ಸ್ಲಾಟಿನ ಕೊಕ್ಕೆ ಬಿಡಿಸುವುದು, ರ‍್ಯಾಮ್ ಪಟ್ಟಿಯ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸುವುದು, ಎರಡೂ ತುದಿಗಳನ್ನು ಸಮನಾಗಿ ಒತ್ತುವುದು ಎಂಬ ಆರಾದರೂ ಕೆಲಸಗಳು ಅಡಗಿವೆ. ಬಾಯಿಮಾತಿನಲ್ಲಿ ಹೇಳಿದ ಹಲವು ಸೂಚನೆಗಳನ್ನು ಒಮ್ಮೆಗೇ ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಎಡಿಎಚ್‌ಡಿ ಇರುವ ಅನೇಕರಿಗೆ ಕಷ್ಟ. ವರ್ಚುವಲ್ ಪಾಠದಲ್ಲಿ ಆಯಾ ಹಂತದ ಸೂಚನೆ ಆಯಾ ವಸ್ತುವಿನ ಪಕ್ಕದಲ್ಲೇ ಕಾಣಿಸಿಕೊಳ್ಳುತ್ತದೆ. ಮುಂದೆ ಬೇಕಾಗುವ ಭಾಗ ಬೆಳಗುತ್ತದೆ. ಕಲಿತಂತೆಲ್ಲ ಈ ಸುಳಿವುಗಳನ್ನು ಒಂದೊಂದಾಗಿ ಹಿಂತೆಗೆದುಕೊಳ್ಳಲಾಗುತ್ತದೆ. ಸುಳಿವುಗಳನ್ನು ಹಿಂತೆಗೆಯದ ಪಾಠ ನೋಡಲು ಎಷ್ಟೇ ಚೆನ್ನಾಗಿದ್ದರೂ ಏನನ್ನೂ ಕಲಿಸದು, ಬೆಳಗಿದ್ದನ್ನು ಮುಟ್ಟುವ ಅಭ್ಯಾಸವನ್ನಷ್ಟೇ ಬೆಳೆಸುತ್ತದೆ.

ಇದೇ ಉದಾಹರಣೆ ವಿಧಾನದ ಮಿತಿಯನ್ನೂ ತೋರಿಸುತ್ತದೆ. ರ‍್ಯಾಮ್ ಪಟ್ಟಿ ಸ್ಲಾಟಿನಲ್ಲಿ ಕೂರಲು ಹೊಸಬರು ಹೆದರುವಷ್ಟು ಒತ್ತಡ ಬೇಕಾಗುತ್ತದೆ, ಕೊಕ್ಕೆ 'ಟಕ್' ಎಂದು ಕೂರುವುದು ಬೆರಳಿಗೆ ತಿಳಿಯುತ್ತದೆ. ಸಾಮಾನ್ಯ ಹೆಡ್‌ಸೆಟ್‌ಗಳ ಕೈಯುಪಕರಣ ಸಣ್ಣಗೆ ಕಂಪಿಸಬಲ್ಲದೇ ಹೊರತು ಎದುರೊತ್ತಲಾರದು. ಆದ್ದರಿಂದ ಕ್ರಮ, ಹೆಸರು, ಸ್ಥಾನ, ಸುರಕ್ಷತೆ ಇವನ್ನು ವರ್ಚುವಲ್ ರಿಯಾಲಿಟಿಯಲ್ಲಿ ಚೆನ್ನಾಗಿ ಕಲಿಸಬಹುದು. ಕೈಯ ಬಿಗಿ, ಒತ್ತಡ, ಹದಗಳನ್ನು ಕಲಿಸಲಾಗದು. ಬೆಸುಗೆ ಹಾಕುವುದು, ಸ್ಕ್ರೂ ಬಿಗಿಯುವುದು, ತಂತಿಯ ಹೊದಿಕೆ ಸುಲಿಯುವುದು ಮುಂತಾದ ಕೆಲಸಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ. ಗೂಗಲ್ 2014ರಲ್ಲಿ ಬಿಡುಗಡೆ ಮಾಡಿದ ರಟ್ಟಿನ ಕಾರ್ಡ್‌ಬೋರ್ಡ್ ಮಾದರಿಯ ಅಗ್ಗದ ಸಾಧನಗಳಲ್ಲಿ ಕೈಗಳಿಗೆ ಏನೂ ಕೆಲಸವಿಲ್ಲ, ತಲೆ ತಿರುಗಿಸಿ ನೋಡಬಹುದಷ್ಟೆ. ಅವು ಹೊಸ ಸ್ಥಳವನ್ನು ಮೊದಲೇ ಪರಿಚಯಿಸಲು ಉಪಯುಕ್ತ, ಕೈಕೆಲಸ ಕಲಿಸಲು ಅಲ್ಲ.

ಸ್ಥಿತಿಯಿಂದ ಸ್ಥಿತಿಗೆ ಬೇಕಾಗುವ ಹೊಂದಾಣಿಕೆಗಳು ಬೇರೆಯಾಗುತ್ತವೆ. ಡಿಸ್ಲೆಕ್ಸಿಯಾ ಉಳ್ಳವರಿಗೆ ಹೆಡ್‌ಸೆಟ್‌ನೊಳಗಿನ ಉದ್ದನೆಯ ಪಠ್ಯ ಪುಸ್ತಕದ ಪುಟಕ್ಕಿಂತಲೂ ಕಷ್ಟವಾಗಬಹುದು, ಏಕೆಂದರೆ ಅಕ್ಷರಗಳ ಅಂಚು ಮಂಕಾಗಿರುತ್ತದೆ ಮತ್ತು ತಲೆ ಅಲುಗಿದಂತೆ ಸಾಲೂ ಅಲುಗಿದಂತೆ ತೋರುತ್ತದೆ. ಅಲ್ಲಿ ಧ್ವನಿ ಸೂಚನೆ ಮತ್ತು ಚಿತ್ರಗಳೇ ಮೇಲು. ಡಿಸ್‌ಪ್ರ್ಯಾಕ್ಸಿಯಾ ಇರುವವರಿಗೆ ಕಣ್ಣಿಗೆ ಕಾಣದ ಕೈಯುಪಕರಣದ ಗುಂಡಿಗಳನ್ನು ತಡಕಾಡಿ ಒತ್ತುವುದೇ ತೊಡಕು. ಬರಿಗೈಯನ್ನು ಕ್ಯಾಮೆರಾದಿಂದ ಗುರುತಿಸುವ ಸೌಲಭ್ಯ ಈ ತೊಡಕನ್ನು ಸ್ವಲ್ಪ ತಗ್ಗಿಸಿದೆ. ಎಡಿಎಚ್‌ಡಿ ಉಳ್ಳವರ ವಿಷಯದಲ್ಲಿ ಸುತ್ತಲಿನ ತರಗತಿ ಕಣ್ಮರೆಯಾಗುವುದು ಗಮನಕ್ಕೆ ಸಹಾಯಕ. ಆದರೆ ಪಾಠದೊಳಗೆ ಅನಗತ್ಯವಾದ ಚಲನೆ, ಅಂಕ, ಬಹುಮಾನಗಳ ಅಬ್ಬರ ತುಂಬಿದರೆ ಆ ಲಾಭ ಉಳಿಯದು.

ಪ್ರೋಗ್ರಾಮಿಂಗ್ ಬೋಧನೆಯಲ್ಲಿ ಇನ್ನೊಂದು ದಾರಿ ತೆರೆದಿದೆ. ಅದರಲ್ಲಿ ವಿದ್ಯಾರ್ಥಿಗಳು ಸಿದ್ಧ ದೃಶ್ಯದೊಳಗೆ ಕಲಿಯುವ ಬದಲು ದೃಶ್ಯವನ್ನು ತಾವೇ ಕಟ್ಟುತ್ತಾರೆ. ಕೋಸ್ಪೇಸಸ್ ಎಂಬ ಶೈಕ್ಷಣಿಕ ತಂತ್ರಾಂಶದಲ್ಲಿ ಮೂರು ಆಯಾಮದ ವಸ್ತುಗಳನ್ನು ಇಟ್ಟು, ಎಳೆದು ಜೋಡಿಸುವ ಬ್ಲಾಕ್‌ಗಳಿಂದ ಅವುಗಳಿಗೆ ಆದೇಶ ಬರೆದು, ಆಮೇಲೆ ಹೆಡ್‌ಸೆಟ್ ತೊಟ್ಟು ಅದರೊಳಗೆ ಓಡಾಡಬಹುದು. ಬರೆದ ಆದೇಶ ತಪ್ಪಾಗಿದ್ದರೆ ಕಾರು ಗೋಡೆಯೊಳಗೆ ನುಗ್ಗುವುದು ಕಣ್ಣೆದುರಿಗೇ ಕಾಣುತ್ತದೆ. ಅಮೆರಿಕದ ಟರ್ಕ್ ಎಂಬ ಶಿಕ್ಷಣ ಸಂಶೋಧನಾ ಸಂಸ್ಥೆ ಮತ್ತು ವರ್ಮಾಂಟ್ ರಾಜ್ಯದಲ್ಲಿ ಭಿನ್ನವಾಗಿ ಕಲಿಯುವ ವಿದ್ಯಾರ್ಥಿಗಳಿಗೆಂದೇ ಇರುವ ಲ್ಯಾಂಡ್‌ಮಾರ್ಕ್ ಕಾಲೇಜು ಸೇರಿ 'ಮಿಷನ್ ಟು ಯೂರೋಪಾ ಪ್ರೈಮ್' ಎಂಬ ಒಗಟುಗಳ ಆಟವನ್ನು ರೂಪಿಸಿದವು. ಅದರ ವಿನ್ಯಾಸದಲ್ಲಿ ನರವೈವಿಧ್ಯದ ವಿದ್ಯಾರ್ಥಿಗಳೇ ಪಾಲ್ಗೊಂಡಿದ್ದರು.

ಉದ್ಯೋಗ ಸಿದ್ಧತೆ

ಕೌಶಲವಿದ್ದೂ ಕೆಲಸ ಸಿಗದಿರುವುದು ಆಟಿಸಂ ಉಳ್ಳ ಅನೇಕ ಪದವೀಧರರ ಅನುಭವ. ಅವರಿಗೆ ಅಡ್ಡವಾಗುವುದು ಸಾಮಾನ್ಯವಾಗಿ ಸಂದರ್ಶನ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಮಿತ್ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 26 ವಯಸ್ಕರು ಭಾಗವಹಿಸಿದ್ದರು. ಅವರಲ್ಲಿ 16 ಮಂದಿ ಕಂಪ್ಯೂಟರ್ ಪರದೆಯ ಮೇಲಿನ ಕಾಲ್ಪನಿಕ ಅಧಿಕಾರಿಯೊಂದಿಗೆ ಸಂದರ್ಶನದ ಅಭ್ಯಾಸ ಮಾಡಿದರು, ಉಳಿದ 10 ಮಂದಿ ಮಾಡಲಿಲ್ಲ. ಅಭ್ಯಾಸ ಮಾಡಿದವರ ಅಣಕು ಸಂದರ್ಶನಗಳು ಸುಧಾರಿಸಿದವು. ಆರು ತಿಂಗಳ ನಂತರ ನೋಡಿದಾಗ ಕೆಲಸ ಅಥವಾ ಸ್ಪರ್ಧಾತ್ಮಕ ಸ್ಥಾನ ದೊರೆತಿರುವ ಸಾಧ್ಯತೆಯೂ ಅವರಲ್ಲೇ ಹೆಚ್ಚಿತ್ತು.

ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ನೀಲಾಂಜನ್ ಸರ್ಕಾರ್ ಅವರ ತಂಡ ರೂಪಿಸಿದ ಸಂದರ್ಶನ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ತಾಂತ್ರಿಕ ಹುದ್ದೆಗಳ ಸಂದರ್ಶನಗಳಲ್ಲಿ ಕೇಳುವಂತೆ ವೈಟ್‌ಬೋರ್ಡ್ ಮೇಲೆ ಸಮಸ್ಯೆ ಬಿಡಿಸುವ ಭಾಗವೂ ಅದರಲ್ಲಿದೆ. ಅಭ್ಯರ್ಥಿಯ ನೋಟ ಮತ್ತು ದೇಹದ ಸಂಕೇತಗಳಿಂದ ಯಾವ ಪ್ರಶ್ನೆ ಒತ್ತಡ ತಂದಿತು ಎಂದು ಅದು ಅಂದಾಜಿಸುತ್ತದೆ. ಈ ಮಾಹಿತಿ ಉದ್ಯೋಗದಾತರಿಗೂ ಉಪಯೋಗವಾಗಬೇಕು, ಸಂದರ್ಶನ ಮಾಡುವವರೂ ತಮ್ಮ ರೀತಿಯನ್ನು ತಿದ್ದಿಕೊಳ್ಳಬೇಕು ಎಂಬ ಉದ್ದೇಶವನ್ನು ಆ ತಂಡ ಇಟ್ಟುಕೊಂಡಿದೆ. ಈ ಕ್ಷೇತ್ರದಲ್ಲಿ ಇಂತಹ ಉದ್ದೇಶ ಅಪರೂಪದ್ದೇ.

ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಜೀವ್ ದುಬೆ ಮತ್ತಿತರರು ನಡೆಸಿದ 'ವಿಆರ್4ವಿಆರ್' ಯೋಜನೆ ವೃತ್ತಿ ತರಬೇತಿಗೆ ಸೇರಿದ್ದು. ಸ್ವಚ್ಛತೆ, ಕಪಾಟಿನಲ್ಲಿ ಸರಕು ಜೋಡಿಸುವುದು, ಲಾರಿಗೆ ಹೊರೆ ತುಂಬುವುದು, ಹಣದ ನಿರ್ವಹಣೆ, ಪರಿಸರದ ಅರಿವು, ಸಾಮಾಜಿಕ ಕೌಶಲ ಎಂಬ ಆರು ಭಾಗಗಳು ಅದರಲ್ಲಿದ್ದವು. ತಜ್ಞ ತರಬೇತುದಾರರು ಹೊರಗೆ ಕುಳಿತು ಪಾಠದ ಕಷ್ಟವನ್ನು ಅಲ್ಲಿಂದಲೇ ಹೆಚ್ಚು ಕಡಿಮೆ ಮಾಡಬಹುದಾಗಿತ್ತು.

ಕೌಶಲದ ವರ್ಗಾವಣೆ

ಒಂದು ಸನ್ನಿವೇಶದಲ್ಲಿ ಕಲಿತದ್ದನ್ನು ಇನ್ನೊಂದು ಸನ್ನಿವೇಶಕ್ಕೆ ಒಯ್ಯುವುದು ಎಲ್ಲ ಕಲಿಕಾರ್ಥಿಗಳಿಗೂ ಸವಾಲೇ. ಆಟಿಸಂ ಉಳ್ಳವರಲ್ಲಿ ಇದು ವಿಶೇಷವಾಗಿ ಚರ್ಚಿತವಾಗಿದೆ. ಸೂಕ್ಷ್ಮ ವಿವರಗಳನ್ನು ಚೆನ್ನಾಗಿ ಗಮನಿಸುವ ಮಗು ವರ್ಚುವಲ್ ಯಂತ್ರದ ಹಸಿರು ಗುಂಡಿಯನ್ನು 'ಹಸಿರು ಗುಂಡಿ' ಎಂದೇ ಕಲಿತರೆ, ನಿಜವಾದ ಯಂತ್ರದ ಗುಂಡಿ ಬಿಳಿಯದಾಗಿದ್ದಾಗ ಕೈ ನಿಂತುಬಿಡುತ್ತದೆ. ಇಲ್ಲಿ ಮಗು ಕಲಿಯುವುದರಲ್ಲಿ ತಪ್ಪಿಲ್ಲ, ಒಂದೇ ಒಂದು ಯಂತ್ರವನ್ನು ತೋರಿಸಿದ ಪಾಠದಲ್ಲಿ ತಪ್ಪಿದೆ.

ಈ ವಿಷಯದಲ್ಲಿ ಸಂಶೋಧನೆಯ ಫಲಿತಾಂಶಗಳು ಮಿಶ್ರವಾಗಿವೆ. ಇಸ್ರೇಲಿನಲ್ಲಿ ನವೋಮಿ ಜೋಸ್ಮನ್ ಮತ್ತು ತಂಡ 2008ರಲ್ಲಿ ವರದಿ ಮಾಡಿದಂತೆ, ಪರದೆಯ ಮೇಲೆ ರಸ್ತೆ ದಾಟುವುದನ್ನು ಕಲಿತ ಆಟಿಸಂ ಉಳ್ಳ ಆರು ಮಕ್ಕಳಲ್ಲಿ ಅರ್ಧದಷ್ಟು ಮಂದಿ ಮಾತ್ರ ಹೊರಗಿನ ಅಭ್ಯಾಸದ ರಸ್ತೆಯಲ್ಲಿ ಗಮನಾರ್ಹವಾಗಿ ಸುಧಾರಿಸಿದರು. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಭರವಸೆಯದ್ದು. ಗೋಡೆಗಳ ಮೇಲೆ ದೃಶ್ಯ ಮೂಡುವ 'ಬ್ಲೂ ರೂಮ್' ಎಂಬ ಕೋಣೆಯಲ್ಲಿ, ನಿರ್ದಿಷ್ಟ ಭಯಗಳಿದ್ದ 9 ಹುಡುಗರು ಮನಶ್ಶಾಸ್ತ್ರಜ್ಞರೊಂದಿಗೆ ನಾಲ್ಕು ಅವಧಿಗಳ ಅಭ್ಯಾಸ ಮಾಡಿದರು. ಅವರಲ್ಲಿ 8 ಮಂದಿ ಆಮೇಲೆ ನಿಜವಾದ ಸನ್ನಿವೇಶವನ್ನು ಎದುರಿಸಬಲ್ಲವರಾದರು, 4 ಮಂದಿ ಭಯವನ್ನು ಪೂರ್ತಿ ಕಳೆದುಕೊಂಡರು. ಅದು ಚಿಕಿತ್ಸೆಯ ಪ್ರಯೋಗವೇ ಹೊರತು ತಂತ್ರಜ್ಞಾನ ಬೋಧನೆಯದಲ್ಲ. ಒಳಗಿನ ಅಭ್ಯಾಸ ಹೊರಗೆ ಫಲಿಸಬಲ್ಲದು ಎಂಬುದಕ್ಕೆ ಮಾತ್ರ ಅದನ್ನು ಆಧಾರವಾಗಿ ಕೊಡಬಹುದು.

ಸಮೀಕ್ಷೆಗಳು ಎಚ್ಚರಿಕೆಯ ಮಾತನ್ನೇ ಆಡಿವೆ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಆಟಿಸಂ ಉಳ್ಳ ಮಕ್ಕಳು ಮತ್ತು ಹದಿಹರೆಯದವರ ಕುರಿತ ಎಲ್ಲ ಬಗೆಯ ವರ್ಚುವಲ್ ರಿಯಾಲಿಟಿಯ 31 ಅಧ್ಯಯನಗಳನ್ನು ಪರಿಶೀಲಿಸಿ, ಪರಿಣಾಮಕ್ಕೆ ಮಧ್ಯಮ ಪ್ರಮಾಣದ ಪುರಾವೆಯಿದೆ ಎಂದಿತು. ಅದೇ ವರ್ಷ ರಯಾನ್ ಬ್ರ್ಯಾಡ್ಲಿ ಮತ್ತು ನೈಜೆಲ್ ನ್ಯೂಬಟ್ ಅವರು ಹೆಡ್‌ಸೆಟ್ ಬಳಸಿದ ಅಧ್ಯಯನಗಳನ್ನಷ್ಟೇ ಹುಡುಕಿದಾಗ ಅವರ ಮಾನದಂಡಗಳಿಗೆ ಹೊಂದಿದ್ದು ಕೇವಲ 6. ಎರಡು ಸಂಖ್ಯೆಗಳ ನಡುವಿನ ಅಂತರವೇ ಈ ಕ್ಷೇತ್ರದ ಸ್ಥಿತಿಯನ್ನು ಹೇಳುತ್ತದೆ. ಆಟಿಸಂ ಬಿಟ್ಟು ಇತರ ಸ್ಥಿತಿಗಳ ಕುರಿತು, ಅದರಲ್ಲೂ ತಂತ್ರಜ್ಞಾನ ಕೌಶಲಗಳ ಕುರಿತು ನಡೆದ ಕೆಲಸ ಇನ್ನೂ ಕಡಿಮೆ.

ವರ್ಗಾವಣೆಗೆ ನೆರವಾಗಲು ಪಾಠದಲ್ಲಿ ಯಂತ್ರದ ಬಣ್ಣ, ಗುಂಡಿಗಳ ಜಾಗ, ಕೋಣೆಯ ಬೆಳಕು, ಸೂಚಿಸುವವರ ಧ್ವನಿಗಳನ್ನು ಬದಲಿಸುತ್ತ ಹೋಗುವುದು ಒಂದು ಉಪಾಯ. ವರ್ಚುವಲ್ ಪಾಠ ಮತ್ತು ನಿಜವಾದ ಪ್ರಯೋಗಾಲಯಗಳ ನಡುವೆ ಆಗಾಗ ಹೋಗಿಬರುವುದು ಇನ್ನೊಂದು. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಶ್ಮಿಟ್ ಮತ್ತು ನೋವಾ ಗ್ಲೇಸರ್ ರೂಪಿಸಿದ 'ವರ್ಚುವೋಸೊ' ಕಾರ್ಯಕ್ರಮ ಆಟಿಸಂ ಉಳ್ಳ ವಯಸ್ಕರಿಗೆ ವಿಶ್ವವಿದ್ಯಾಲಯದ ಬಸ್ ಬಳಸುವುದನ್ನು ಕಲಿಸುವಾಗ ಹಂತ ಹಂತವಾದ ದಾರಿ ಹಿಡಿಯಿತು. ಮೊದಲು ಎಲ್ಲ ದಿಕ್ಕಿಗೂ ತಿರುಗಿ ನೋಡಬಹುದಾದ ನಿಜ ಸ್ಥಳದ ವಿಡಿಯೊ, ಆಮೇಲೆ ಹೆಡ್‌ಸೆಟ್‌ನ ಅಭ್ಯಾಸ ಎಂಬುದು ಅದರ ಕ್ರಮ.

ಸುರಕ್ಷತೆ ಮತ್ತು ಸಹನೀಯತೆ

ನೈಜೆಲ್ ನ್ಯೂಬಟ್ ಮತ್ತು ತಂಡ 2016ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಅಧ್ಯಯನದಲ್ಲಿ ಆಟಿಸಂ ಉಳ್ಳ 29 ಮಂದಿಯ ಪೈಕಿ 25 ಮಂದಿ ಹೆಡ್‌ಸೆಟ್ ತೊಟ್ಟು ಪ್ರಯೋಗ ಪೂರೈಸಿದರು. ಹೆಚ್ಚಿನವರು ಒಪ್ಪುತ್ತಾರೆ ಎಂಬುದು ಸಮಾಧಾನದ ಸಂಗತಿ, ಒಪ್ಪದವರೂ ಇರುತ್ತಾರೆ ಎಂಬುದು ಮರೆಯಬಾರದ ಸಂಗತಿ. ಅರ್ಧ ಕಿಲೋಗ್ರಾಂ ತೂಗುವ ಸಾಧನ ಮುಖವನ್ನು ಒತ್ತುತ್ತದೆ, ಪಟ್ಟಿ ತಲೆಯನ್ನು ಬಿಗಿಯುತ್ತದೆ, ಕಣ್ಣಿನ ಸುತ್ತ ಬೆವರುತ್ತದೆ.

ಹೆಡ್‌ಸೆಟ್‌ನಿಂದ ಕೆಲವರಿಗೆ ತಲೆಸುತ್ತು, ವಾಕರಿಕೆ, ಕಣ್ಣಿನ ಆಯಾಸ ಉಂಟಾಗುತ್ತದೆ. ಕಣ್ಣಿಗೆ ಚಲನೆ ಕಂಡರೂ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಅದು ತಿಳಿಯದಿರುವುದು ಒಂದು ಕಾರಣ. ದೃಶ್ಯದ ವಸ್ತು ದೂರದಲ್ಲಿರುವಂತೆಯೋ ಹತ್ತಿರದಲ್ಲಿರುವಂತೆಯೋ ಕಂಡರೂ ಕಣ್ಣಿನ ಮಸೂರ ಒಂದೇ ದೂರಕ್ಕೆ ಹೊಂದಿಕೊಂಡಿರಬೇಕಾಗುವುದು ಇನ್ನೊಂದು ಕಾರಣ. ಆಟಿಸಂ ಉಳ್ಳ ಕೆಲವರಿಗೆ ತಮ್ಮ ದೇಹದೊಳಗಿನ ಇಂತಹ ಸೂಚನೆಗಳನ್ನು ಗುರುತಿಸಿ ಹೇಳುವುದು ಕಷ್ಟವಾಗುವುದರಿಂದ, 'ತೊಂದರೆಯಾದರೆ ಹೇಳು' ಎಂದಷ್ಟೇ ಹೇಳಿ ಬಿಡುವುದು ಸಾಲದು. ಮುಖಭಾವ ಮತ್ತು ಚಲನೆಯನ್ನು ನೋಡುತ್ತಿರುವ ಶಿಕ್ಷಕರು ಬೇಕು. ಆಟಿಸಂ ಉಳ್ಳವರಲ್ಲಿ ಅಪಸ್ಮಾರದ ಪ್ರಮಾಣ ಸಾಮಾನ್ಯರಿಗಿಂತ ಹೆಚ್ಚು. ಮಿನುಗುವ ಬೆಳಕಿನಿಂದ ಸೆಳವು ಬರುವ ಸಾಧ್ಯತೆಯಿರುವವರಿಗೆ ವೈದ್ಯರ ಸಲಹೆ ಅಗತ್ಯ. ಕ್ವೆಸ್ಟ್ ಸಾಧನಗಳಿಗೆ 13 ವರ್ಷವಿದ್ದ ಕನಿಷ್ಠ ವಯಸ್ಸನ್ನು ಮೆಟಾ ಸಂಸ್ಥೆ 2023ರಲ್ಲಿ, ಪೋಷಕರ ನಿಯಂತ್ರಣದ ಖಾತೆಗಳಿಗೆ, 10 ವರ್ಷಕ್ಕೆ ಇಳಿಸಿತು.

ಟೀಕೆ

ಆಟಿಸಂ ಉಳ್ಳವರಿಗೆ ಬೇರೆಯವರಂತೆ ವರ್ತಿಸುವುದನ್ನು ಕಲಿಸುವುದೇ ಅನೇಕ ವರ್ಚುವಲ್ ಪಾಠಗಳ ಗುರಿಯಾಗಿದೆ ಎಂಬುದು ಪ್ರಮುಖ ಆಕ್ಷೇಪ. ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ತರಬೇತಿ ಇದಕ್ಕೆ ನಿದರ್ಶನ. ಸ್ವತಃ ಆಟಿಸಂ ಉಳ್ಳ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದದಂತೆ, ಪರಸ್ಪರ ಅರ್ಥವಾಗದಿರುವುದು ಎರಡೂ ಕಡೆಯವರ ಕೊರತೆ. ಅದನ್ನು ಒಂದು ಕಡೆಯವರ ಮೇಲೆ ಮಾತ್ರ ಹೊರಿಸಲಾಗದು. ಪ್ರಿಂಟರ್ ನಡೆಸುವುದನ್ನು ಕಲಿಸುವ ಪಾಠಕ್ಕೂ ನಗುವುದನ್ನು ಕಲಿಸುವ ಪಾಠಕ್ಕೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ಮೊದಲನೆಯದು ಕಲಿಯುವವರ ಕೈಗೆ ಹೊಸ ಶಕ್ತಿ ಕೊಡುತ್ತದೆ. ಎರಡನೆಯದು ಅವರಿಂದ ಏನನ್ನೋ ಬಚ್ಚಿಡಲು ಕೇಳುತ್ತದೆ.

ಖಾಸಗಿತನ ಇನ್ನೊಂದು ಪ್ರಶ್ನೆ. ಹೆಡ್‌ಸೆಟ್ ತಲೆ ಮತ್ತು ಕೈಗಳ ಚಲನೆಯನ್ನು, ಕೆಲವು ಮಾದರಿಗಳಲ್ಲಿ ಕಣ್ಣಿನ ನೋಟವನ್ನೂ, ನಿರಂತರವಾಗಿ ದಾಖಲಿಸುತ್ತದೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದಂತೆ, 50,000ಕ್ಕೂ ಹೆಚ್ಚು ಆಟಗಾರರ ನಡುವೆ ಒಬ್ಬರನ್ನು ಅವರ ಒಂದೆರಡು ನಿಮಿಷದ ತಲೆ ಮತ್ತು ಕೈ ಚಲನೆಯಿಂದಲೇ ಶೇ 90ಕ್ಕಿಂತ ಹೆಚ್ಚು ನಿಖರವಾಗಿ ಗುರುತಿಸಬಹುದು. ಮಗುವೊಂದರ ಚಲನೆ ಮತ್ತು ಗಮನದ ವಿವರಗಳು ಯಾರ ಬಳಿ, ಎಷ್ಟು ಕಾಲ ಉಳಿಯುತ್ತವೆ ಎಂಬುದನ್ನು ಶಾಲೆಗಳು ಕೇಳಬೇಕಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಆ ಪಟ್ಟಿಯಲ್ಲಿವೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರ ಮೀಸಲಾತಿಯನ್ನು ಅಧಿನಿಯಮ ಹೇಳುತ್ತದೆ.

ಐಐಟಿ ಗಾಂಧಿನಗರದಲ್ಲಿ ಉತ್ತಮಾ ಲಾಹಿರಿ ಅವರು ಆಟಿಸಂ ಉಳ್ಳವರಿಗಾಗಿ ಕಣ್ಣಿನ ನೋಟ ಮತ್ತು ದೇಹದ ಸಂಕೇತಗಳಿಗೆ ತಕ್ಕಂತೆ ಬದಲಾಗುವ ವರ್ಚುವಲ್ ರಿಯಾಲಿಟಿ ವ್ಯವಸ್ಥೆಗಳ ಮೇಲೆ ಕೆಲಸ ಮಾಡಿದ್ದಾರೆ. ಅವರು ಈ ಕೆಲಸವನ್ನು ಆರಂಭಿಸಿದ್ದು ವ್ಯಾಂಡರ್‌ಬಿಲ್ಟ್‌ನಲ್ಲಿ, ಸರ್ಕಾರ್ ಅವರ ಜೊತೆ. ಉದ್ಯೋಗದ ವಿಷಯದಲ್ಲಿ ಬೆಂಗಳೂರಿನ ಹೆಸರು ಜಾಗತಿಕ ಮಟ್ಟದಲ್ಲಿ ಕಾಣಿಸಿಕೊಂಡಿದೆ. ಜರ್ಮನಿಯ ಸಾಫ್ಟ್‌ವೇರ್ ಸಂಸ್ಥೆ ಎಸ್‌ಎಪಿ 2013ರಲ್ಲಿ ಆಟಿಸಂ ಉಳ್ಳವರನ್ನು ನೇಮಿಸಿಕೊಳ್ಳುವ ಕಾರ್ಯಕ್ರಮವನ್ನು ವಿಶ್ವಾದ್ಯಂತ ಪ್ರಕಟಿಸುವ ಮುನ್ನ, ತನ್ನ ಬೆಂಗಳೂರಿನ ಕಚೇರಿಯಲ್ಲಿ ಆರು ಮಂದಿಯನ್ನು ಸಾಫ್ಟ್‌ವೇರ್ ಪರೀಕ್ಷಕರಾಗಿ ನೇಮಿಸಿ ನೋಡಿತ್ತು. ಅದರಲ್ಲಿ ಡೆನ್ಮಾರ್ಕಿನಲ್ಲಿ 2004ರಲ್ಲಿ ಆರಂಭವಾದ ಸ್ಪೆಷಲಿಸ್ಟರ್ನೆ ಸಂಸ್ಥೆಯ ಸಹಭಾಗಿತ್ವವಿತ್ತು. ಅಲ್ಲಿ ಬಳಸಿದ್ದು ವರ್ಚುವಲ್ ರಿಯಾಲಿಟಿಯನ್ನಲ್ಲ. ಆದರೆ ಇಂತಹ ತರಬೇತಿಯ ಕೊನೆಯಲ್ಲಿ ಇರಬೇಕಾದ ಉದ್ಯೋಗ ಇದೇ ನಗರದಲ್ಲಿದೆ ಎಂಬುದನ್ನು ಆ ಪ್ರಯೋಗ ತೋರಿಸಿತು.

ಕನ್ನಡದಲ್ಲಿ ಇಂತಹ ಪಾಠಗಳನ್ನು ಸಿದ್ಧಪಡಿಸುವಾಗ ವಿಶಿಷ್ಟವಾದ ತೊಡಕೊಂದು ಎದುರಾಗುತ್ತದೆ. ಹೆಡ್‌ಸೆಟ್‌ಗಳ ಪಾಠಗಳನ್ನು ಹೆಚ್ಚಾಗಿ ರಚಿಸುವುದು ಯೂನಿಟಿ ತಂತ್ರಾಂಶದಲ್ಲಿ. ಅದರ ಪ್ರಚಲಿತ ಪಠ್ಯ ಸಲಕರಣೆಯಲ್ಲಿ ಭಾರತೀಯ ಲಿಪಿಗಳ ಅಕ್ಷರ ಜೋಡಣೆಗೆ ಪೂರ್ಣ ಬೆಂಬಲ ದೀರ್ಘಕಾಲ ಇರಲಿಲ್ಲ. ಇದರಿಂದ ಒತ್ತಕ್ಷರಗಳು ಕೆಳಗೆ ಕೂರದೆ ಪಕ್ಕಕ್ಕೆ ಸರಿಯುತ್ತವೆ, 'ಒತ್ತಿ' ಎಂಬಂತಹ ಸರಳ ಸೂಚನೆಯೂ ಒಡೆದು ಕಾಣುತ್ತದೆ. ಅಕ್ಷರದೊಂದಿಗೆ ಈಗಾಗಲೇ ಹೆಣಗುತ್ತಿರುವ ಡಿಸ್ಲೆಕ್ಸಿಯಾ ಉಳ್ಳ ಮಗುವಿಗೆ ಒಡೆದ ಅಕ್ಷರವನ್ನು ತೋರಿಸುವುದು ಪಾಠದ ಉದ್ದೇಶವನ್ನೇ ಕೆಡಿಸುತ್ತದೆ. ಪಠ್ಯವನ್ನು ಮೊದಲೇ ಚಿತ್ರವಾಗಿ ಮಾಡಿಟ್ಟುಕೊಂಡು ಬಳಸುವುದು ಅಥವಾ ಸೂಚನೆಗಳನ್ನು ಕನ್ನಡದ ಧ್ವನಿಯಲ್ಲಿ ದಾಖಲಿಸಿ ಸೇರಿಸುವುದು ಇದಕ್ಕೆ ಇರುವ ಸರಳ ಪರಿಹಾರಗಳು. ಚಿತ್ರವಾಗಿ ಸೇರಿಸಿದ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳು ನೇರವಾಗಿ ಓದಲಾರವಾದ್ದರಿಂದ, ಎರಡನೆಯ ಪರಿಹಾರವೇ ಹೆಚ್ಚಿನ ಕಲಿಕಾರ್ಥಿಗಳಿಗೆ ಅನುಕೂಲಕರ.